ಹೊಟ್ಟೆ ಬಿಟ್ಟ ಗೋಡೆ: ಹಳೆಯ ಗ್ರಂಥಾಲಯವೊಂದನ್ನು ಭದ್ರಪಡಿಸಿದ ನನ್ನ ಅನುಭವ

ಚಿತ್ರದುರ್ಗದ ಕೋಟೆಯ ಬುಡದಲ್ಲಿರುವ ಹಳೆಯ ಪೇಟೆಯ ಗ್ರಂಥಾಲಯ ಕಟ್ಟಡವೊಂದನ್ನು ದುರಸ್ತಿ ಮಾಡಿ, ಭೂಕಂಪವನ್ನು ತಾಳಿಕೊಳ್ಳುವಂತೆ ಬಲಪಡಿಸುವ ಹೊಣೆಯನ್ನು ನಾನು ವಹಿಸಿಕೊಂಡ ದಿನವೇ ಅಲ್ಲಿನ ಗ್ರಂಥಪಾಲಕರು, "ನಮ್ಮ ದುರ್ಗದಲ್ಲಿ ಎಲ್ಲಿಯ ಭೂಕಂಪ ಸರ್? ಸೋರುವುದನ್ನು ನಿಲ್ಲಿಸಿಕೊಟ್ಟರೆ ಸಾಕು" ಎಂದರು. ಅವರ ಮಾತಿಗೆ ಆಧಾರವಿತ್ತು. ಭೂಕಂಪ ನಿರೋಧಕ ವಿನ್ಯಾಸದ ಭಾರತೀಯ ಮಾನಕವಾದ ಐಎಸ್ 1893 ಸಂಹಿತೆಯ 2002ರ ಆವೃತ್ತಿಯ ನಕ್ಷೆಯಲ್ಲಿ ಚಿತ್ರದುರ್ಗ ಇರುವುದು ಕಡಿಮೆ ಅಪಾಯದ ವಲಯ 2ರಲ್ಲಿ. ಆದರೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪದಿಂದ ನೆಲಸಮವಾದ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಅಂದಿನ ನಕ್ಷೆಯಲ್ಲಿ ಇದಕ್ಕಿಂತಲೂ ಸುರಕ್ಷಿತವೆನಿಸಿದ್ದ ವಲಯ 1ರಲ್ಲಿತ್ತು. ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತದ್ದು ಮುಖ್ಯವಾಗಿ ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಮತ್ತು ಭಾರವಾದ ಮಾಳಿಗೆಗಳು ಕುಸಿದದ್ದರಿಂದ. ನನ್ನ ಮುಂದಿದ್ದ ಕಟ್ಟಡವೂ ಅದೇ ಜಾತಿಯದು ಎಂಬುದನ್ನು ಗ್ರಂಥಪಾಲಕರಿಗೆ ಗೋಡೆ ಬಿಚ್ಚಿ ತೋರಿಸಿದ ಮೇಲೆಯೇ ಅವರು ಒಪ್ಪಿದರು.

ಬಿಚ್ಚುವ ಮೊದಲು ನಾವು ಎರಡು ತಿಂಗಳು ಬರೀ ನೋಡಿದೆವು. ಬಿರುಕುಗಳಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಗಳನ್ನು ಅಂಟಿಸಿ, ಅವು ಒಡೆಯುತ್ತವೆಯೇ ಎಂದು ವಾರಕ್ಕೊಮ್ಮೆ ಗುರುತು ಹಾಕಿಕೊಂಡೆವು. ಯಾವುದೂ ಒಡೆಯಲಿಲ್ಲ. ಪಾಯದ ಬದಿಯಲ್ಲಿ ಗುಂಡಿ ತೋಡಿದಾಗ ಅದು ನೇರವಾಗಿ ಬಂಡೆಯ ಮೇಲೆ ಕುಳಿತಿರುವುದು ಕಂಡಿತು. ದಾವಣಗೆರೆಯ ಕಡೆ ಎರೆ ಮಣ್ಣಿನ ಮೇಲೆ ನಿಂತ ಹಳೆಯ ಕಟ್ಟಡಗಳಲ್ಲಿ ನೆಲ ಉಬ್ಬಿ ಕುಗ್ಗಿ ಬೀಳುವ ಬಿರುಕುಗಳನ್ನು ನೋಡಿ ಅಭ್ಯಾಸವಾಗಿದ್ದ ನನಗೆ ಇದು ದೊಡ್ಡ ಸಮಾಧಾನ. ಚಿಂತೆ ಇದ್ದದ್ದು ಪೂರ್ವದ ಗೋಡೆಯ ಬಗ್ಗೆ. ಅದು ನಡುವೆ ಸುಮಾರು ನಾಲ್ಕು ಸೆಂಟಿಮೀಟರ್ ಹೊರಕ್ಕೆ ಹೊಟ್ಟೆ ಬಿಟ್ಟಿತ್ತು.

ಹಿಂದಿನ ದುರಸ್ತಿಯೊಂದರಲ್ಲಿ ಆ ಗೋಡೆಗೆ ಒಳಗೂ ಹೊರಗೂ ಸಿಮೆಂಟ್ ಗಿಲಾವು ಮಾಡಿದ್ದರು. ಸುಣ್ಣದ ಗಾರೆಯ ಮೂಲಕ ಆರಿಹೋಗಬೇಕಾದ ತೇವ ಸಿಮೆಂಟಿನ ಹಿಂದೆ ಸಿಕ್ಕಿಕೊಂಡು ಒಳಗಿನ ಮಣ್ಣನ್ನು ವರ್ಷಗಟ್ಟಲೆ ನೆನೆಸಿತ್ತು. ಗಿಲಾವನ್ನು ಕಿತ್ತು, ಎರಡು ಕಲ್ಲು ಸಡಿಲಿಸಿ ಕೈ ಹಾಕಿದ ನಮ್ಮ ಹಿರಿಯ ಮೇಸ್ತ್ರಿಯವರು, "ಒಳಗೆ ಹಿಡಿತಾನೇ ಇಲ್ಲ ಸಾರ್, ಬರೀ ಮಣ್ಣು ಚಕ್ಕೆಗಲ್ಲು ಐತೆ" ಎಂದರು. ಎರಡು ಅಡಿ ದಪ್ಪದ ಗೋಡೆ ಎಂದು ನಾವು ನಂಬಿದ್ದದ್ದು ನಿಜದಲ್ಲಿ ಪರಸ್ಪರ ಸಂಬಂಧವಿಲ್ಲದ ಎರಡು ತೆಳು ಗೋಡೆಗಳು. ನಡುವೆ ತುಂಬಿದ್ದು ಕಸ. ನೆಲ ನಡುಗಿದಾಗ ಇಂಥ ಗೋಡೆಯ ಎರಡು ಮುಖಗಳು ಬೇರೆ ಬೇರೆಯಾಗಿ ಅತ್ತಿತ್ತ ಬೀಳುತ್ತವೆ. ಕಿಲ್ಲಾರಿಯಲ್ಲಿ ಆದದ್ದೂ ಇದೇ.

ಒತ್ತಡದಿಂದ ಗ್ರೌಟ್ (ಸಂದುಗಳಿಗೆ ಹರಿಸುವ ನೀರಾದ ಗಾರೆ) ತುಂಬಿಸೋಣ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಮಣ್ಣು ತುಂಬಿದ ಗೋಡೆಯಲ್ಲಿ ಗ್ರೌಟ್ ಸಮನಾಗಿ ಹರಡುವುದಿಲ್ಲ. ಅದರ ನೀರು ಉಳಿದ ಮಣ್ಣನ್ನೂ ಕರಗಿಸಿ ಗೋಡೆಯನ್ನು ಇನ್ನಷ್ಟು ಉಬ್ಬಿಸಬಹುದು. ಆದ್ದರಿಂದ ಬಿರುಕುಗಳಿಗೆ ಮಾತ್ರ ತೆಳುವಾದ ಸುಣ್ಣದ ಗ್ರೌಟನ್ನು ಒತ್ತಡವಿಲ್ಲದೆ ಇಳಿಸಿ, ಉಳಿದಂತೆ ಇಂಥ ಕಟ್ಟಡಗಳ ದುರಸ್ತಿ ಮತ್ತು ಬಲವರ್ಧನೆಯ ಸಂಹಿತೆಯಾದ ಐಎಸ್ 13935 ಹೇಳುವ, ಗೋಡೆಯ ಎರಡು ಮುಖಗಳನ್ನು ಹೊಲಿಯುವ ಅಡ್ಡಕಟ್ಟಿನ ಕ್ರಮವನ್ನು ಹಿಡಿದೆವು. ಸುಮಾರು ಮೀಟರಿಗೊಂದರಂತೆ, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಅರ್ಧ ಮೀಟರ್ ಪಕ್ಕಕ್ಕೆ ಸರಿಸಿ, ಗೋಡೆಯ ಆರಪಾರ 75 ಮಿಲಿಮೀಟರ್‌ನಷ್ಟು ರಂಧ್ರ ಮಾಡಬೇಕು. ಎರಡೂ ತುದಿ ಬಗ್ಗಿಸಿದ 8 ಮಿಲಿಮೀಟರ್ ಸರಳನ್ನು ಅದರೊಳಗಿಟ್ಟು ಕಾಂಕ್ರೀಟ್ ತುಂಬಿ, ಹತ್ತು ದಿನವಾದರೂ ನೀರುಣಿಸಬೇಕು. ಸುತ್ತಿಗೆ ಬೀಸುವಂತಿಲ್ಲ, ಡ್ರಿಲ್ಲಿನ ಅದಿರುವಿಕೆಯೂ ಸಲ್ಲದು. ಕಲ್ಲನ್ನು ಸಣ್ಣ ಸಲಾಕೆಯಿಂದ ಅಲ್ಲಾಡಿಸಿ ಅಲ್ಲಾಡಿಸಿಯೇ ತೆಗೆಯಬೇಕು. ಒಂದು ದಿನಕ್ಕೆ ನಾಲ್ಕು ರಂಧ್ರವಾದರೆ ಹೆಚ್ಚು. ಹೊರಮುಖದಲ್ಲಿ ಕಾಂಕ್ರೀಟ್ ಕಾಣದಂತೆ ಮೇಸ್ತ್ರಿಯವರು ತೆಗೆದ ಕಲ್ಲನ್ನೇ ತೆಳುವಾಗಿ ಸೀಳಿ ಮತ್ತೆ ಮುಚ್ಚಿದರು. ನಾವು ಸಾಮಾನ್ಯ ಸರಳಿನ ಬದಲು ತುಕ್ಕು ಹಿಡಿಯದ ಉಕ್ಕನ್ನು ಬಳಸಿದೆವು. ಖರ್ಚು ಏರಿತು, ಆದರೆ ಸರಳು ತುಕ್ಕು ಹಿಡಿದು ಊದಿಕೊಂಡರೆ ಒಳಗಿನಿಂದಲೇ ಕಲ್ಲನ್ನು ಸೀಳುತ್ತದೆ.

ಗೋಡೆಯ ಮೂಲೆಗಳು ಬಿಚ್ಚಿಕೊಳ್ಳದಂತೆ ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಒಳಗಡೆ ಸುತ್ತಲೂ ಒಂದು ಉಕ್ಕಿನ ಪಟ್ಟಿಯನ್ನು ಓಡಿಸಿ, ಬೋಲ್ಟುಗಳಿಂದ ಹೊರಮುಖಕ್ಕೆ ಬಿಗಿದೆವು. ಹೊರಗೆ ಕಾಣುವುದು ಬೋಲ್ಟಿನ ಬಿಲ್ಲೆಗಳು ಮಾತ್ರ. ಅವನ್ನು ಮರೆಮಾಚಬೇಕೆಂದು ಕೆಲವರು ಒತ್ತಾಯಿಸಿದರೂ ನಾನು ಹಾಗೆಯೇ ಬಿಟ್ಟೆ; ಕಟ್ಟಡಕ್ಕೆ ಏನು ಮಾಡಲಾಗಿದೆ ಎಂಬುದು ಮುಂದಿನ ಎಂಜಿನಿಯರ್‌ಗೆ ಕಣ್ಣಿಗೆ ಕಾಣಬೇಕು.

ತಾರಸಿಯ ಕೆಲಸ ನಾನೆಣಿಸಿದ್ದಕ್ಕಿಂತ ದೊಡ್ಡದಾಯಿತು. ಸೋರಿದಾಗಲೆಲ್ಲ ಹಳೆಯದರ ಮೇಲೆಯೇ ಹೊಸ ಪದರ ಹಾಕುತ್ತ ಬಂದಿದ್ದರಿಂದ ಹತ್ತು ಸೆಂಟಿಮೀಟರ್‌ನಷ್ಟು ಅನಗತ್ಯ ಗಾರೆ ಸೇರಿಕೊಂಡಿತ್ತು. ಎಂದರೆ ಪ್ರತಿ ಚದರ ಮೀಟರಿಗೆ ಸುಮಾರು 180 ಕಿಲೋ. ಭೂಕಂಪದ ಬಲ ಕಟ್ಟಡದ ತೂಕದೊಂದಿಗೆ ಏರುವುದರಿಂದ, ಈ ಭಾರವನ್ನು ಇಳಿಸಿದ್ದೇ ಒಂದು ಬಲವರ್ಧನೆ. ತೇಗದ ಜಂತೆಗಳು ಗೋಡೆಯ ಮೇಲೆ ಸುಮ್ಮನೆ ಕುಳಿತಿದ್ದವು. ಗೆದ್ದಲು ತಿಂದ ಆರು ತುದಿಗಳನ್ನು ಕತ್ತರಿಸಿ ಹೊಸ ಮರ ಬೆಸೆದು, ಪ್ರತಿ ಜಂತೆಯನ್ನೂ ಪಟ್ಟಿಯಿಂದ ಗೋಡೆಗೆ ಹಿಡಿಸಿ, ಕೆಳಗಿನಿಂದ ಓರೆಯಾಗಿ ಉಕ್ಕಿನ ಬಿಗಿಪಟ್ಟಿಗಳನ್ನು ಕಟ್ಟಿದೆವು. ಮೇಲಿನ ಗಾರೆಗೆ ಸುಣ್ಣ, ಸುರ್ಕಿ (ಇಟ್ಟಿಗೆ ಪುಡಿ), ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಎಲ್ಲವನ್ನೂ ಮೇಸ್ತ್ರಿಯವರು ತಮ್ಮ ಅಳತೆಯಲ್ಲಿಯೇ ಹಾಕಿದರು. ನಾನು ಬರೆದುಕೊಂಡೆ.

ಕೊನೆಗೆ ಪುಸ್ತಕಗಳು. ಗ್ರಂಥಾಲಯದ ದಾಸ್ತಾನು ಕೋಣೆಗೆ ಚದರ ಮೀಟರಿಗೆ ಕನಿಷ್ಠ 600 ಕಿಲೋ ಭಾರವನ್ನು ಲೆಕ್ಕ ಹಿಡಿಯಬೇಕೆಂದು ಕಟ್ಟಡದ ಭಾರಗಳ ಕುರಿತ ಸಂಹಿತೆ ಹೇಳುತ್ತದೆ. ಇಲ್ಲಿ ಬೈಂಡ್ ಮಾಡಿದ ಹಳೆಯ ಪತ್ರಿಕೆಗಳೆಲ್ಲ ಮರದ ತೊಲೆಗಳ ಮಹಡಿಯ ಮೇಲಿದ್ದವು. ಅವನ್ನು ಕೆಳಗಿಳಿಸಿ, ಕಪಾಟುಗಳ ತಲೆಗಳನ್ನು ಒಂದಕ್ಕೊಂದು ಜೋಡಿಸಿ ಗೋಡೆಗೆ ಬಿಗಿದೆವು. ಸಣ್ಣ ಕಂಪನಕ್ಕೆ ಗೋಡೆ ನಿಂತರೂ ಬಿಗಿಯದ ಕಪಾಟು ಓದುಗರ ಮೇಲೆ ಉರುಳಬಹುದು. ಆದರೂ ಅಂದಾಜು ಪಟ್ಟಿಯಲ್ಲಿ ಈ ಕೆಲಸಕ್ಕೆ ಒಂದು ಸಾಲೂ ಇರಲಿಲ್ಲ, ನಾವೇ ಸೇರಿಸಿದೆವು. ಮುಂಬಾಗಿಲ ಮೇಲಿನ ಅಲಂಕಾರದ ಕೈಪಿಡಿ ಗೋಡೆಯನ್ನು (ತಾರಸಿಯ ಅಂಚಿನ ಗಿಡ್ಡ ಗೋಡೆ) ಹಿಂದಿನಿಂದ ಹಿಡಿಸುವುದು ಹಣ ಸಾಲದೆ ಉಳಿದಿದೆ. ಅದರ ನೇರ ಕೆಳಗೆ ಯಾರೂ ನಿಲ್ಲದಂತೆ ದಿನಪತ್ರಿಕೆಯ ಮೇಜುಗಳನ್ನು ಪಡಸಾಲೆಯ ಒಳಕ್ಕೆ ಸರಿಸಿದ್ದೇವೆ, ಪ್ರವೇಶವನ್ನು ಸದ್ಯ ಪಕ್ಕದ ಬಾಗಿಲಿಗೆ ಬದಲಿಸಿದ್ದೇವೆ.