ಬೆಳಗ್ಗೆ ಮಾತ್ರ ಕಾಡುವ ಗೇರ್ ಬಾಕ್ಸ್: ನಾನು ನೋಡುವ ರೀತಿ

ಆಟೋಮ್ಯಾಟಿಕ್ ಗಾಡಿ ತರುವವರು ಹೆಚ್ಚಾಗಿ ಹೇಳುವುದು ಇಷ್ಟು: "ಬೆಳಗ್ಗೆ ಡಿಗೆ (ಮುಂದೆ ಹೋಗುವ ಗೇರಿಗೆ) ಹಾಕಿದ್ರೆ ಗಾಡಿ ಕದಲಲ್ಲ ಅಣ್ಣ, ಸ್ವಲ್ಪ ಹೊತ್ತಾದ್ಮೇಲೆ ಸರಿಹೋಗುತ್ತೆ." ನನ್ನ ಶೆಡ್ ಇರುವುದು ತಾಳವಾಡಿಯಲ್ಲಿ. ಸತ್ಯಮಂಗಲದ ಕಡೆಯ ಗಾಡಿ ದಿಂಬಂ ಘಾಟಿಯ 27 ತಿರುವು ಹತ್ತಿ ಬರಬೇಕು. ಇಲ್ಲಿ ತಲುಪುವ ಹೊತ್ತಿಗೆ ಗೇರ್ ಬಾಕ್ಸ್ ಆಯಿಲ್ ಚೆನ್ನಾಗಿ ಕಾದಿರುತ್ತದೆ, ದೋಷ ಮಾಯವಾಗಿರುತ್ತದೆ. ಬಿಸಿ ಗಾಡಿಯನ್ನು ಸುಮ್ನೆ ಸುತ್ತಾಡಿಸಿ ಏನೂ ಸಿಗುವುದಿಲ್ಲ. ಅದಕ್ಕೇ ರಾತ್ರಿ ಗಾಡಿ ಇಲ್ಲೇ ಬಿಡಿ ಅನ್ನುತ್ತೇನೆ. ಬೆಳಗ್ಗೆ ನಾನು ಬರುವ ತನಕ ಕೀ ಯಾರೂ ಮುಟ್ಟಬಾರದು. ತಣ್ಣಗಿನ ಗಾಡಿ ದಿನಕ್ಕೆ ಒಂದೇ ಅವಕಾಶ ಕೊಡುವುದು. ಒಮ್ಮೆ ಸ್ಟಾರ್ಟ್ ಮಾಡಿದರೆ ಮುಗಿಯಿತು, ಮತ್ತೆ ಮರುದಿನವೇ.

ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಆನ್ ಮಾಡಿ, ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕುತ್ತೇನೆ. ಎಂಜಿನ್ ತಂಪಿಡುವ ಕೂಲೆಂಟ್ ಟೆಂಪರೇಚರ್ ಮತ್ತು ಗೇರ್ ಬಾಕ್ಸ್ ಆಯಿಲ್ ಟೆಂಪರೇಚರ್ ಅಕ್ಕಪಕ್ಕ ನೋಡುತ್ತೇನೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಕೂಲೆಂಟ್ 16 ಡಿಗ್ರಿ ತೋರಿಸಿ, ಆಯಿಲ್ ಮೈನಸ್ 40 ತೋರಿಸಿದರೆ ತಾಳವಾಡಿಯಲ್ಲಿ ಅಂಥ ಚಳಿ ಎಲ್ಲಿಂದ ಬಂತು? ಸಾಮಾನ್ಯವಾಗಿ ಸೆನ್ಸರ್ ಹೋಗಿರುತ್ತದೆ, ಇಲ್ಲವೇ ಅದರ ವೈರ್ ಕಡಿದಿರುತ್ತದೆ. ಆ ತಪ್ಪು ಲೆಕ್ಕ ನಂಬಿಕೊಂಡು ಕಂಪ್ಯೂಟರ್ ಗೇರ್ ಬದಲಿಸಿದರೆ ಗೇರ್ ಬಾಕ್ಸ್‌ನದು ತಪ್ಪಲ್ಲ.

ಆಮೇಲೆ ಸ್ಟಾರ್ಟ್. ತಣ್ಣಗಿದ್ದಾಗ ಐಡಲ್ (ನಿಂತಲ್ಲೇ ಎಂಜಿನ್ ತಿರುಗುವ ವೇಗ) ಜಾಸ್ತಿ ಇರುತ್ತದೆ, ಆಗಲೇ ಗೇರ್ ಹಾಕಿದರೆ ಧಡ್ ಎನ್ನುವುದು ಸಹಜ. ಆರ್‌ಪಿಎಂ ಸ್ವಲ್ಪ ಇಳಿಯಲಿ. ಈಗ ಯಾವ ಗೇರ್ ಮೇಲೆ ದೂರಿದೆಯೋ ಅದನ್ನೇ ಮೊದಲು ಹಾಕಬೇಕು. ಇದು ಬಹಳ ಮುಖ್ಯ. ಡಿ ಮೇಲೆ ದೂರಿದ್ದು, ಗಾಡಿ ಹೊರಗೆ ತೆಗೆಯಲು ಮೊದಲು ಆರ್ (ರಿವರ್ಸ್) ಹಾಕಿದಿರೋ, ಅಷ್ಟರಲ್ಲಿ ಆಯಿಲ್ ಒಳಗೆ ತುಂಬಿಕೊಂಡು ಡಿ ಸರಿಯಿದೆ ಅನ್ನಿಸಬಹುದು. ಹಾಗಾಗಿ ಹಿಂದಿನ ಸಂಜೆಯೇ ಗಾಡಿಯ ಮುಂದೆ ಜಾಗ ಬಿಟ್ಟು ನಿಲ್ಲಿಸಿರುತ್ತೇನೆ.

ಬ್ರೇಕ್ ಒತ್ತಿ ಲಿವರ್ ಎಳೆದು ಮನಸ್ಸಿನಲ್ಲಿ ಎಣಿಸುತ್ತೇನೆ. ಒಂದೆರಡು ಸೆಕೆಂಡಿನಲ್ಲಿ ಗಾಡಿ ಮೆಲ್ಲಗೆ ಎಳೆದರೆ ಸರಿ. ನಾಲ್ಕೈದು ಸೆಕೆಂಡ್ ಆದರೆ ತಕ್ಷಣ ಎನ್‌ಗೆ (ನ್ಯೂಟ್ರಲ್) ತಂದು ಮತ್ತೆ ಹಾಕುತ್ತೇನೆ. ಮೊದಲ ಸಲ ಮಾತ್ರ ತಡವಾಗಿ ಎರಡನೇ ಸಲ ಚಟ್ಟನೆ ಹಿಡಿದರೆ, ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಆಯಿಲ್ ರಾತ್ರಿ ಕೆಳಗಿನ ಪ್ಯಾನಿಗೆ ಇಳಿದಿದೆ ಎಂಬ ಅನುಮಾನ. ತಣ್ಣಗಿರುವಷ್ಟು ಹೊತ್ತೂ ಪ್ರತಿಸಲ ತಡವಾದರೆ ಕಥೆ ಬೇರೆ. ಡಿಯಲ್ಲಿ ಮಾತ್ರ ಹೀಗಾದರೆ ಗಾಡಿ ಮುಂದಕ್ಕೆ ಎಳೆಯುವ ಕ್ಲಚ್ಚಿನ ಸೀಲ್ ಗಟ್ಟಿಯಾಗಿರಬಹುದು. ಹಳೇ ರಬ್ಬರು ಕಾದ ಮೇಲೆ ಮೆತ್ತಗಾಗಿ ಪ್ರೆಶರ್ ಹಿಡಿಯುತ್ತದೆ. ಡಿ, ಆರ್ ಎರಡರಲ್ಲೂ ತಡವಾದರೆ ಮೊದಲು ನೋಡುವುದು ಆಯಿಲ್ ಲೆವೆಲ್. ಚಳಿಗೆ ಆಯಿಲ್ ಕುಗ್ಗುತ್ತದೆ, ಮಂದವೂ ಆಗುತ್ತದೆ. ಮೊದಲೇ ಕಡಿಮೆ ಇದ್ದರೆ ಪಂಪ್ ಗಾಳಿ ಎಳೆದು ಕುಂಯ್ ಎಂದು ಸದ್ದು ಮಾಡುತ್ತದೆ. ಲೆವೆಲ್ ಸರಿಯಿದ್ದರೆ ಫಿಲ್ಟರ್, ಆಮೇಲೆ ಪ್ರೆಶರ್ ಟೆಸ್ಟ್. ಈಗಿನ ಬಹಳ ಗಾಡಿಗಳಲ್ಲಿ ಲೆವೆಲ್ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ಕೇ ಇಲ್ಲ. ಕಂಪನಿ ಹೇಳಿದ ಟೆಂಪರೇಚರಿಗೆ ಆಯಿಲ್ ಬಂದಾಗ, ಎಂಜಿನ್ ಓಡುತ್ತಿರುವಾಗಲೇ ಗೇರ್ ಬಾಕ್ಸಿನ ಲೆವೆಲ್ ಪ್ಲಗ್ ಬಿಚ್ಚಿ ನೋಡಬೇಕು. ಅಂದಾಜಿನ ಮೇಲೆ ಆಯಿಲ್ ಸುರಿಯುವುದನ್ನು ನಾನು ಒಪ್ಪುವುದಿಲ್ಲ.

ಚಳಿಯಲ್ಲಿ ಗೇರ್ ತಡವಾಗಿ ಮೇಲೇರುವುದು, ಲಾಕಪ್ (ಟಾರ್ಕ್ ಕನ್ವರ್ಟರ್ ಜಾರದೆ ನೇರ ಬಿಗಿದುಕೊಳ್ಳುವುದು) ಕೂಡಲೇ ಆಗದಿರುವುದು ದೋಷವಲ್ಲ. ಬೇಗ ಬಿಸಿಯಾಗಲೆಂದು ಕಂಪ್ಯೂಟರೇ ಹಾಗೆ ಮಾಡುತ್ತದೆ. ಎಷ್ಟು ಓಡಿಸಿದರೂ ಲಾಕಪ್ ಆಗದಿದ್ದರೆ ಮಾತ್ರ ಯೋಚನೆ. ಅಂಥ ಒಂದು ಗಾಡಿಗೆ ಬೇರೆ ಕಡೆ ಗೇರ್ ಬಾಕ್ಸ್ ಇಳಿಸಬೇಕು ಅಂದಿದ್ದರು. ಸ್ಕ್ಯಾನರ್ ಹಾಕಿಕೊಂಡೇ ಬಣ್ಣಾರಿಯ ಕಡೆ ಘಾಟಿ ಇಳಿದೆ. ಕೂಲೆಂಟ್ ಟೆಂಪರೇಚರ್ ಒಂದೇ ಸಮ ಇಳಿಯುತ್ತಾ ಹೋಯಿತು. ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ತೆರೆದ ಹಾಗೇ ಸಿಕ್ಕಿಕೊಂಡಿತ್ತು. ಎಂಜಿನ್ ಕಾಯುವುದೇ ಇಲ್ಲ, ಲಾಕಪ್ಪಿಗೆ ಕಂಪ್ಯೂಟರ್ ಬಿಡುವುದೂ ಇಲ್ಲ. ಥರ್ಮೋಸ್ಟಾಟ್ ಬದಲಿಸಿದ ಮೇಲೆ ಲಾಕಪ್ ಬಂತು.

ರಾತ್ರಿ ಗಾಡಿ ಬಿಡಲು ಆಗದವರು ಬೆಳಗಿನ ಮೊದಲ ಸ್ಟಾರ್ಟನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಸಿ ತನ್ನಿ. ನೀವು ಬ್ರೇಕ್ ಮೇಲೇ ಇರಿ, ಪಕ್ಕದಲ್ಲಿ ಕೂತವರು ಹಿಡಿಯಲಿ. ಆರ್‌ಪಿಎಂ ಮುಳ್ಳು, ಲಿವರ್ ಎರಡೂ ಕಾಣಬೇಕು, ಸದ್ದೂ ಕೇಳಬೇಕು. ಹಾಡು ಆಫ್ ಮಾಡಿ.