ಪೈಪ್‌ಲೈನ್ ಗ್ಯಾಸ್‌ನ ಸ್ಯಾಂಪಲ್: ಒತ್ತಡ ಎಲ್ಲಿ ಇಳಿಯಬೇಕು?

ಗ್ಯಾಸಿನ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಲ್ಯಾಬಿನ ಕ್ರೊಮ್ಯಾಟೊಗ್ರಾಫ್ ಎಷ್ಟೇ ನಿಖರವಾಗಿದ್ದರೂ ಅದಕ್ಕೆ ಗೊತ್ತಿರುವುದು ಸಿಲಿಂಡರ್‌ನೊಳಗಿನ ಗ್ಯಾಸ್ ಮಾತ್ರ. ಪೈಪಿನಲ್ಲಿ ಹರಿಯುತ್ತಿದ್ದದ್ದೇ ಸಿಲಿಂಡರ್‌ಗೂ ಬಂದಿದೆಯೇ ಎಂಬುದು ಸ್ಯಾಂಪಲ್ ಹಿಡಿಯುವವರ ಹೊಣೆ. ಹಾಗಾಗಿ ಉಪಕರಣ ಜೋಡಿಸುವಾಗ ನಾನು ಮೊದಲು ಕೇಳಿಕೊಳ್ಳುವುದು, ಒತ್ತಡ ಎಲ್ಲಿ ಇಳಿಯುತ್ತದೆ ಎಂದು.

ಒತ್ತಡ ಇಳಿದ ಕಡೆ ಗ್ಯಾಸ್ ತಣ್ಣಗಾಗುತ್ತದೆ. ಇದೇ ಜೌಲ್-ಥಾಮ್ಸನ್ ಪರಿಣಾಮ. ನೈಸರ್ಗಿಕ ಅನಿಲಕ್ಕೆ ಅಂದಾಜು ಲೆಕ್ಕವೆಂದರೆ ಒಂದು ಬಾರ್‌ಗೆ ಅರ್ಧ ಡಿಗ್ರಿ ಸೆಲ್ಸಿಯಸ್. 60 ಬಾರ್ ಲೈನಿನ ಗ್ಯಾಸ್ ಅರೆತೆರೆದ ವಾಲ್ವಿನಿಂದ ಹೊರಗೆ ನುಗ್ಗಿದರೆ ಸುಮಾರು 30 ಡಿಗ್ರಿ ಕುಸಿಯುತ್ತದೆ. ಆಗ ಹೆಕ್ಸೇನ್‌ನಂಥ ಭಾರದ ಹೈಡ್ರೋಕಾರ್ಬನ್‌ಗಳು ದ್ರವವಾಗಿ ಅಲ್ಲೇ ಅಂಟಿಕೊಳ್ಳಬಹುದು. ಅವುಗಳ ಪ್ರಮಾಣ ಕಡಿಮೆಯಾದರೂ ಶಾಖಮೌಲ್ಯ, ಅಂದರೆ ಉರಿದಾಗ ಕೊಡುವ ಶಾಖ, ಹೆಚ್ಚು. ಗ್ಯಾಸಿನ ಬೆಲೆ ಕಟ್ಟುವುದು ಆ ಶಾಖಮೌಲ್ಯದ ಮೇಲೆಯೇ.

ಪ್ರೋಬ್, ಅಂದರೆ ಪೈಪಿನ ಒಳಕ್ಕೆ ಚಾಚಿದ ಸ್ಯಾಂಪಲ್ ಕೊಳವೆ, ಇಲ್ಲದ ಜಾಗದಲ್ಲಿ ನಾನು ಸ್ಯಾಂಪಲ್ ತೆಗೆಯುವುದಿಲ್ಲ. ಪೈಪಿನ ಒಳಗೋಡೆಯ ಗುಂಟ ಎಣ್ಣೆ, ನೀರು, ತುಕ್ಕಿನ ಪುಡಿ ಸಾಗುತ್ತಿರುತ್ತವೆ. ಅಡ್ಡ ಮಲಗಿದ ಪೈಪಿನ ಮೇಲ್ಭಾಗದಿಂದ ಪ್ರೋಬ್ ಇಳಿದು, ಅದರ ತುದಿ ವ್ಯಾಸದ ನಡುವಿನ ಮೂರನೇ ಒಂದು ಭಾಗದಲ್ಲಿರಬೇಕು. ಅಲ್ಲಿಂದ ಸಿಲಿಂಡರ್‌ವರೆಗಿನ ಸ್ಟೀಲ್ ಟ್ಯೂಬ್ ಆದಷ್ಟು ಗಿಡ್ಡವಾಗಿರಲಿ. ಹವೆ ತಣ್ಣಗಿದ್ದರೆ ಟ್ಯೂಬನ್ನೂ ಸಿಲಿಂಡರನ್ನೂ ಬೆಚ್ಚಗಿಡುತ್ತೇನೆ. ಹೈಡ್ರೋಕಾರ್ಬನ್ ದ್ರವವಾಗತೊಡಗುವ ಉಷ್ಣತೆಯಾದ ಇಬ್ಬನಿ ಬಿಂದುವಿಗಿಂತ ಕನಿಷ್ಠ 17 ಡಿಗ್ರಿ ಮೇಲಿದ್ದರೆ ನೆಮ್ಮದಿ.

ನಾನು ಹೆಚ್ಚಾಗಿ ಬಳಸುವುದು ತುಂಬಿಸಿ ಖಾಲಿ ಮಾಡುವ ವಿಧಾನ: ಲೈನಿನ ಗ್ಯಾಸನ್ನು ತುಂಬಿ, ಹೊರಬಿಟ್ಟು, ಮತ್ತೆ ತುಂಬುತ್ತ ಒಳಗಿನ ಹಳೆಯದನ್ನು ಹೊರಹಾಕುವುದು. ಸಿಲಿಂಡರ್‌ನ ಹೊರಬಾಯಿಗೆ ಸುಮಾರು ಒಂದು ಮೀಟರ್ ಉದ್ದದ ಟ್ಯೂಬ್ ಸೇರಿಸಿ, ಅದರ ತುದಿಗೆ ಒಂದು ವಾಲ್ವ್ ಹಾಕುತ್ತೇನೆ. ಈ ಟ್ಯೂಬನ್ನೇ ಬಾಲ ಎನ್ನುತ್ತೇನೆ. ಸಿಲಿಂಡರ್‌ನ ಎರಡೂ ವಾಲ್ವ್‌ಗಳು ಪೂರ್ತಿ ತೆರೆದಿರಬೇಕು, ಹರಿವನ್ನು ಬಿಗಿಹಿಡಿಯುವುದು ಬಾಲದ ತುದಿಯ ವಾಲ್ವ್ ಒಂದೇ. ಒತ್ತಡ ಇಳಿಯುವುದೂ ತಂಪು ಹುಟ್ಟುವುದೂ ಆ ತುದಿಯಲ್ಲೇ, ಸಿಲಿಂಡರ್‌ನ ಹತ್ತಿರ ಸುಳಿಯುವುದಿಲ್ಲ. ಹಿಮ ಕಟ್ಟಿದರೂ ತುದಿಯಲ್ಲಿ ಕಟ್ಟಲಿ! ಈ ಬಾಲ ಬಿಚ್ಚಿಟ್ಟು ಸಮಯ ಉಳಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಏಕೆಂದರೆ ಆ ಸ್ಯಾಂಪಲ್ ಕೆಟ್ಟಿದೆಯೆಂದು ವರದಿ ನೋಡಿ ಹೇಳುವುದು ಬಹಳ ಕಷ್ಟ.

ಎಷ್ಟು ಸಲ ತುಂಬಿ ಬಿಡಬೇಕು ಎಂಬುದು ಲೈನಿನ ಒತ್ತಡಕ್ಕೆ ತಕ್ಕಂತೆ. ಗೇಜಿನಲ್ಲಿ 9 ಬಾರ್ ಇದ್ದರೆ, ಹೊರಗಿನ ಗಾಳಿಯ 1 ಬಾರ್ ಸೇರಿ ನಿಜದ ಒತ್ತಡ 10 ಬಾರ್; ಹೊರಬಿಟ್ಟ ಮೇಲೆ 1 ಬಾರ್ ಉಳಿಯುವುದರಿಂದ ಪ್ರತಿ ಸಲವೂ ಹಳೆಯ ಗ್ಯಾಸಿನ ಹತ್ತರಲ್ಲೊಂದು ಪಾಲು ಉಳಿಯುತ್ತದೆ, ಮೂರು ಸಲಕ್ಕೆ ಸಾವಿರದಲ್ಲೊಂದು. ಗೇಜಿನಲ್ಲಿ 1 ಬಾರ್ ಮಾತ್ರ ಇದ್ದರೆ ಪ್ರತಿ ಸಲವೂ ಅರ್ಧ ಉಳಿಯುತ್ತದೆ, ಅಲ್ಲಿ ಮೂರು ಸಲ ಯಾವ ಮೂಲೆಗೂ ಸಾಲದು.

ಹೈಡ್ರೋಜನ್ ಸಲ್ಫೈಡ್ ಇರುವ ಗ್ಯಾಸಿಗೆ ಸಾದಾ ಸ್ಟೀಲ್ ಸಿಲಿಂಡರ್ ಬೇಡ, ಗೋಡೆಯೇ ಅದನ್ನು ಹೀರಿಕೊಳ್ಳುತ್ತದೆ. ಒಳಲೇಪವಿರುವ ಸಿಲಿಂಡರ್ ಬಳಸಿ, ಸ್ಥಳದಲ್ಲೇ ಬಣ್ಣ ಬದಲಿಸುವ ಗಾಜಿನ ಕೊಳವೆಯಿಂದಲೂ ಅಳೆಯುತ್ತೇನೆ.

ಸಿಲಿಂಡರ್ ಮೇಲೆ ಕೊರೆದ ಒತ್ತಡದ ಮಿತಿಯನ್ನು ಜೋಡಿಸುವ ಮೊದಲೇ ಓದುತ್ತೇನೆ. ತುಂಬಿದ ಮೇಲೆ ವಾಲ್ವ್‌ಗಳನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡಿ, ಪ್ಲಗ್ ಬಿಗಿದು, ಲೈನಿನ ಒತ್ತಡ ಮತ್ತು ಉಷ್ಣತೆಯನ್ನು ಚೀಟಿಯಲ್ಲಿ ಬರೆಯುತ್ತೇನೆ. ಲ್ಯಾಬಿನವರು ಸಿಲಿಂಡರನ್ನು 60 ಡಿಗ್ರಿಯಲ್ಲಿ ಕನಿಷ್ಠ 2 ಗಂಟೆ ಕಾಯಿಸಿದ ಮೇಲೆಯೇ ವಿಶ್ಲೇಷಣೆಗೆ ಹಚ್ಚಬೇಕು. ಆಮ್ಲಜನಕ ಕಂಡುಬಂದರೆ ಗಾಳಿ ಸೇರಿರುವ ಸಂಶಯ ಬಲವಾಗುತ್ತದೆ. ಅಂಥ ಫಲಿತಾಂಶವನ್ನು ಲೆಕ್ಕ ಹಾಕಿ ಸರಿಪಡಿಸುವ ಬದಲು ಹೊಸ ಸ್ಯಾಂಪಲ್ ತರುತ್ತೇನೆ.