ಪಾನ್‌ಚಾಂಗ್ ಗಂಟು ಇಲ್ಲಿನ ಹುರಿಯಲ್ಲೂ ನಿಲ್ಲುತ್ತದೆ

ಚೀನೀ ಅಲಂಕಾರದ ಗಂಟಿಗೆ ಅಲ್ಲಿಂದಲೇ ತರಿಸಿದ 5ನೇ ನಂಬರ್ ದಪ್ಪದ ಹುರಿ ಬೇಕು, ಇಲ್ಲಿನ ಸರಕಿನಲ್ಲಿ ಗುಂಡಿಯಂತೆ ದುಂಡಗಿರುವ ಬಟನ್ ಗಂಟು ಬಂದೀತೇ ಹೊರತು ಚೌಕವಾಗಿ ಹೆಣೆದು ಸುತ್ತ ಕುಣಿಕೆ ಬಿಡುವ ಪಾನ್‌ಚಾಂಗ್ ಬರಲಿಕ್ಕಿಲ್ಲ ಅಂತ ಕುಚ್ಚು ಕಟ್ಟುವವರು ಹೇಳುತ್ತಲೇ ಇದ್ದರು. ಬರುತ್ತದೆ. ನಾನು ಕಟ್ಟಿದ್ದು ಮಳೆಗಾಲ ಪೂರ್ತಿ ಬಾಗಿಲಲ್ಲಿ ತೂಗಿದರೂ ಚೌಕ ಕದಲಿಲ್ಲ.

ನೋಡಬೇಕಾದ್ದು ಹುರಿಯ ಹೊಟ್ಟೆಯನ್ನು. ಬಟ್ಟೆ ಹೊಲಿದು ಮಗುಚಿದ ಬ್ಲೌಸ್ ಡೋರಿ ಒಳಗೆ ಟೊಳ್ಳು. ಬಿಗಿದಲ್ಲೆಲ್ಲ ಚಪ್ಪಟೆಯಾಗಿ ಕಿವಿಗಳು, ಅಂದರೆ ಚೌಕದ ಸುತ್ತಲಿನ ಕುಣಿಕೆಗಳು, ಜೋತುಬೀಳುತ್ತವೆ. ಸ್ಯಾಟಿನ್ ಹುರಿ ನೋಡಲು ಚಂದ, ಆದರೆ ಜಾರುತ್ತದೆ, ಎಳೆದಷ್ಟೂ ತಿರುಚಿಕೊಳ್ಳುತ್ತದೆ. ರೇಯಾನ್‌ದಾದರಂತೂ ತುದಿ ಸುಟ್ಟರೆ ಕರಗದೆ ಬೂದಿಯಾಗುತ್ತದೆ. ಮ್ಯಾಕ್ರಮೆಯ ಹತ್ತಿ ಹುರಿಯಲ್ಲಿ ಎಳೆ ಬಿಚ್ಚಿಕೊಂಡು ಹೆಣಿಗೆಯ ಗೆರೆಯೇ ಕಾಣುವುದಿಲ್ಲ. ಇವಕ್ಕೇ ಎರಡು ಸಾವಿರದ ಮೇಲೆ ಕೈಬಿಟ್ಟಿತು. ಕೊನೆಗೆ ಹಿಡಿಸಿದ್ದು ತಿರುಳು ತುಂಬಿದ ಹೆಣಿಗೆ ನೈಲಾನ್, ದಪ್ಪ 2.5 ಮಿ.ಮೀ. ಆಸುಪಾಸು. ಉಗುರಿನಿಂದ ಒತ್ತಿ ಬಿಟ್ಟರೆ ಮತ್ತೆ ದುಂಡಗಾಗಬೇಕು. ಮಡಚಿದರೆ ಮುರಿದುಕೊಳ್ಳದೆ ಬಳೆಯಂತೆ ಬಾಗಬೇಕು. ಸಗಟಿನಲ್ಲಿ ಮೀಟರಿಗೆ ಆರೇಳು ರೂಪಾಯಿ. ತರಿಸಿದ ಹುರಿಗೆ ಸಾಗಣೆ ಸೇರಿ ಮೂರು ಪಟ್ಟು ಬಿದ್ದಿತ್ತು.

ಎರಡು ಸುತ್ತಿನ ಪಾನ್‌ಚಾಂಗ್‌ಗೆ ಎರಡು ಮೀಟರ್ ಹತ್ತಿರ ಇಟ್ಟುಕೊಳ್ಳಿ. ಹುರಿಯನ್ನು ಹಲಗೆಯ ಮೇಲೆ ಪಿನ್ನು ಚುಚ್ಚಿ ನಿಲ್ಲಿಸಿಕೊಂಡು ಹೆಣೆಯಬೇಕು; ಹಲಗೆ ಥರ್ಮಕೋಲ್‌ನದಾದರೆ ಪಿನ್ನು ಬೇಗ ಸಡಿಲ. ಹಳೇ ಯೋಗ ಮ್ಯಾಟಿನ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿದ್ದು ಗಟ್ಟಿ ಹಿಡಿಯುತ್ತದೆ. ಕುಣಿಕೆ ಎಳೆಯಲು ಕ್ರೋಶಾ ಕಡ್ಡಿ ಸಾಕು.

ಹುರಿಯ ನಡುವನ್ನು ಮೇಲಿನ ಕುಣಿಕೆಯಾಗಿಟ್ಟು ಎರಡು ತುದಿಗಳಿಂದ ಒಂದಾದ ಮೇಲೊಂದು ಹೆಣೆಯುವುದು; ಮೊದಲ ತುದಿಯ ಕೆಲಸದಲ್ಲಿ ಯಾರೂ ಎಡವುವುದಿಲ್ಲ. ಎರಡನೆಯದರ ಅಡ್ಡ ಸಾಲು ಹೋಗುವಾಗ ನಾಲ್ಕೂ ಉದ್ದಗೆರೆಗಳ ಮೇಲೆ, ಬರುವಾಗ ನಾಲ್ಕರ ಕೆಳಗೆ. ಕೈಕೊಡುವುದು ಕೊನೆಯ ಉದ್ದ ಸಾಲು. ಹೋಗುವಾಗ 1 ಎಳೆಯ ಕೆಳಗೆ, 3 ಎಳೆಗಳ ಮೇಲೆ, ಹೀಗೇ ಮತ್ತೆ 1ರ ಕೆಳಗೆ, 3ರ ಮೇಲೆ. ಬರುವಾಗ 2ರ ಕೆಳಗೆ, 1ರ ಮೇಲೆ, 3ರ ಕೆಳಗೆ, 1ರ ಮೇಲೆ, 1ರ ಕೆಳಗೆ. ಎರಡು ಸಲವೂ ಕೂಡಿದರೆ 8 ಬರಬೇಕು. ಎಣಿಕೆ ತಪ್ಪಿದ್ದು ಹಲಗೆಯ ಮೇಲಿರುವಾಗ ಗೊತ್ತೇ ಆಗುವುದಿಲ್ಲ, ಬಿಗಿಯುವಾಗ ನಡುವಿನ ಎಳೆ ಜಾರಿ ಹೊರಗೆ ಬರುತ್ತದೆ.

ಬಿಗಿಯುವುದೇ ನಿಜವಾದ ವಿದ್ಯೆ. ಪಿನ್ನು ತೆಗೆದೊಡನೆ ತುದಿಗಳನ್ನು ಎಳೆದರೆ ಕೆಟ್ಟಿತು. ಎದುರುಬದುರಿನ ಕಿವಿಗಳನ್ನು ಜೋಡಿಯಾಗಿ ಹಿಡಿದು ಸುತ್ತಲೂ ಸಮನಾಗಿ ಎಳೆಯಬೇಕು, ಮೊದಲು ನಡುವಿನ ಚೌಕ ಗಟ್ಟಿಯಾಗಬೇಕು. ಕಿವಿಗಳು ಆಗ ವಿಕಾರವಾಗಿ ಉದ್ದ ಕಾಣುತ್ತವೆ, ಕಾಣಲಿ. ಆಮೇಲೆ ಮೇಲಿನ ಕುಣಿಕೆಯಿಂದ ಹೊರಟು, ಹುರಿ ಹೋದ ದಾರಿಯಲ್ಲೇ ಸಡಿಲವನ್ನು ಕಿವಿಯಿಂದ ಕಿವಿಗೆ ದಾಟಿಸುತ್ತ ತುದಿಗೆ ತರಬೇಕು; ಒಂದು ಅರ್ಧ ಮುಗಿದ ಮೇಲೆ ಇನ್ನೊಂದು. ಒಂದೇ ಸಲಕ್ಕೆ ಬಿಗಿಯದೆ ಮೂರು ಸಲ ಸುತ್ತಿ ಬನ್ನಿ. ಹೆಣೆಯಲು ಕಾಲು ಗಂಟೆಯಾದರೆ ಇದಕ್ಕೆ ಮುಕ್ಕಾಲು ಗಂಟೆ. ಮೂಲೆಯ ಕಿವಿಗಳನ್ನು ಒಂದೇ ಅಳತೆಗೆ ತರುವ ನನ್ನ ಉಪಾಯ ಮಾತ್ರ ಬರೆಯುವುದಿಲ್ಲ, ಆರ್ಡರ್ ಬರುವುದೇ ಅದಕ್ಕೆ.

ಬಿಗಿದ ಗಂಟು ಸಡಿಲಾಗದಿರಲು ನೀರು ಬೆರೆಸಿದ ಗೋಂದು ಬೇಡ, ಕೆಂಪು ಹುರಿಯಲ್ಲಿ ಕಲೆ ಉಳಿಯುತ್ತದೆ. ಹುರಿಗಳು ದಾಟುವಲ್ಲಿ ಹಿಂಬದಿಯಿಂದ ಅದೇ ಬಣ್ಣದ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿ.

ಅಂದಹಾಗೆ ಬೈಲುಕುಪ್ಪೆಯ ಟಿಬೆಟನ್ನರ ಬಾಗಿಲ ಪರದೆಗಳ ಮೇಲೆ ಕಾಣುವ ಕೊನೆಯಿಲ್ಲದ ಗಂಟು ಇದರದೇ ವಿನ್ಯಾಸ, ಬೌದ್ಧರ ಎಂಟು ಮಂಗಳ ಚಿಹ್ನೆಗಳಲ್ಲಿ ಒಂದು. ಅಲ್ಲಿಯ ಪಂಚರಂಗು ನೋಡಿ ಎರಡು ಬಣ್ಣದ ಹುರಿ ಜೋಡಿಸಿ ಕಟ್ಟಿದೆ: ಬಣ್ಣ ಕೂಡುವ ಬೆಸುಗೆ ಮೇಲಿನ ಕುಣಿಕೆಯೊಳಗೆ ಮುಚ್ಚಿಹೋದರೆ ಚಂದ, ಇಲ್ಲದಿದ್ದರೆ ಅಸಹ್ಯ. ದಪ್ಪ ಹತ್ತಿ ಹಗ್ಗದಲ್ಲಿ ಜೋಡಿ ನಾಣ್ಯದ ಗಂಟು (ಒಂದರ ಮೇಲೊಂದು ಸರಿದ ಎರಡು ನಾಣ್ಯದಂತೆ ಕಾಣುವುದು) ಹಾಕಿ ಲೋಟದಡಿ ಇಡುವ ಚಾಪೆಯನ್ನೂ ಮಾಡಿದೆ. ಒಗೆದ ಮೇಲೆ ಕುಗ್ಗಿ ಡೊಂಕಾಯಿತು, ಹಗ್ಗವನ್ನು ಮೊದಲೇ ನೆನೆಸಿ ಒಣಗಿಸಿಟ್ಟರೆ ಸರಿಹೋಗುತ್ತದೆ.

ರೇಷ್ಮೆ ಕುಚ್ಚು ಸೇರಿ ಪಾನ್‌ಚಾಂಗ್ ಒಂದಕ್ಕೆ ಇನ್ನೂರೈವತ್ತು ಕೇಳುತ್ತೇನೆ. ಬ್ಲೌಸಿಗೆ ಬಟನ್ ಗಂಟು ಜೋಡಿಗೆ ನಲವತ್ತು, ಒಂದೊಂದಕ್ಕೆ ಗೇಣುದ್ದದ ಹುರಿ. ಗಂಟೆಯ ಲೆಕ್ಕ ಹಾಕಿದರೆ ಕೈಗೆ ಹೆಚ್ಚು ಉಳಿಯುವುದು ಬಟನ್ನಿನಲ್ಲೇ.